ಒಡೆತನವೂ ಪೇಟೆಯೂ: ಕಂಪೆನಿಯ ಪಾಲನ್ನು ಭದ್ರತಾಪತ್ರವೆಂದೆಣಿಸುವುದರ ಬಗೆಗೆ ಒಂದು ವಿಮರ್ಶೆ

ಬೆಂಗಳೂರಿನ ಹೊರವಲಯದ ಕೈಗಾರಿಕಾ ಪ್ರದೇಶಗಳ ಇತ್ತೀಚಿನ ಚರಿತ್ರೆಯನ್ನು ವಿವರಿಸುವವರಲ್ಲಿ ಒಂದು ಅಭಿಪ್ರಾಯವು ಬೇರೂರಿದೆ. ಕಂಪೆನಿಯ ಷೇರೆಂಬುದು ಸ್ವಭಾವತಃ ಕೈಯಿಂದ ಕೈಗೆ ಸಾಗತಕ್ಕ ಭದ್ರತಾಪತ್ರ. ಅದನ್ನು ಪಡೆದವನಿಗೆ ಕಂಪೆನಿಯ ಏಳಿಗೆಯಲ್ಲಿ ತಾನಾಗಿಯೇ ಪಾಲು ದೊರೆಯುತ್ತದೆ ಎಂಬುದೇ ಆ ಅಭಿಪ್ರಾಯ. ಇದು ಅರ್ಧಸತ್ಯವೆಂದು ನಾವು ಭಾವಿಸುತ್ತೇವೆ. ಷೇರಿಗೆ ಭದ್ರತಾಪತ್ರದ ಗುಣವು ಹುಟ್ಟಿನಿಂದ ಬಂದುದಲ್ಲ. ಕಾಯಿದೆಯೂ ಪೇಟೆಯೂ ಕೂಡಿ ಅದಕ್ಕೆ ಕೊಟ್ಟುದು. ಇದನ್ನು ಮರೆತರೆ ಎಲೆಕ್ಟ್ರಾನಿಕ್ ಸಿಟಿಯ ಕಥೆಯನ್ನೇ ಪೀಣ್ಯಕ್ಕೂ ಹೊಂದಿಸಿ ಹೇಳುವ ದೋಷ ಸಂಭವಿಸುತ್ತದೆ.

ಮೊದಲು ಎಲ್ಲರೂ ಬಲ್ಲ ನಿದರ್ಶನವನ್ನೇ ತೆಗೆದುಕೊಳ್ಳೋಣ. ೧೯೮೧ರಲ್ಲಿ ಪುಣೆಯಲ್ಲಿ ಹುಟ್ಟಿ ೧೯೮೩ರಲ್ಲಿ ಬೆಂಗಳೂರಿಗೆ ಬಂದ ಇನ್ಫೋಸಿಸ್ ಮೊದಲು ಖಾಸಗಿ ಕಂಪೆನಿಯಾಗಿತ್ತು. ೧೯೯೨ರಲ್ಲಿ ಅದು ಸಾರ್ವಜನಿಕ ಕಂಪೆನಿಯಾಗಿ ಮಾರ್ಪಟ್ಟು, ೧೯೯೩ರ ಫೆಬ್ರವರಿಯಲ್ಲಿ ಷೇರೊಂದಕ್ಕೆ ೯೫ ರೂಪಾಯಿಯಂತೆ ಜನರ ಮುಂದಿಟ್ಟಿತು. ಆಗ ಸಾಕಷ್ಟು ಅರ್ಜಿಗಳೇ ಬರಲಿಲ್ಲ. ಮಾರ್ಗನ್ ಸ್ಟ್ಯಾನ್ಲಿ ಸಂಸ್ಥೆಯು ಶೇಕಡಾ ೧೩ರಷ್ಟು ಪಾಲನ್ನು ಅದೇ ಬೆಲೆಗೆ ಕೊಂಡುದರಿಂದ ಸಂಚಿಕೆಯು ಉಳಿಯಿತು. ಅದೇ ವರ್ಷದ ಜೂನ್ ತಿಂಗಳಲ್ಲಿ ಷೇರು ಪೇಟೆಯನ್ನು ಪ್ರವೇಶಿಸಿದಾಗ ಅದರ ಬೆಲೆ ೧೪೫ ರೂಪಾಯಿ. ೧೯೯೪ರಲ್ಲಿ ನೌಕರರಿಗೆ ಷೇರು ನೀಡುವ ಯೋಜನೆ ಬಂದಿತು. ೧೯೯೯ರಲ್ಲಿ ಕಂಪೆನಿಯು ಅಮೆರಿಕದ ನಾಸ್ಡಾಕ್ ಪೇಟೆಗೂ ಏರಿತು. ನೌಕರನ ಕೈಯ ಪಾಲು ಸಂಪತ್ತಾಗಿ ಪರಿಣಮಿಸಿದುದು ಈ ಕ್ರಮದಿಂದಲೇ. ಕಂಪೆನಿಯು ಖಾಸಗಿಯಾಗಿಯೇ ಉಳಿದಿದ್ದರೆ, ಲಾಭ ಅಷ್ಟೇ ಬಂದಿದ್ದರೂ, ಆ ಪಾಲನ್ನು ಮಾರಿ ಮನೆ ಕಟ್ಟಿಸುವುದು ಸುಲಭವಾಗುತ್ತಿರಲಿಲ್ಲ.

ಪೇಟೆ ಎಲ್ಲಿದೆಯೆಂಬುದೂ ಮುಖ್ಯ. ೧೮೮೦ರಲ್ಲಿ ಸ್ಥಾಪಿತವಾದ ಮೈಸೂರು ಚಿನ್ನದ ಗಣಿ ಕಂಪೆನಿಯ ಗಣಿಯು ಕೋಲಾರದಲ್ಲಿದ್ದರೂ ಅದರ ಷೇರುದಾರರ ನೆಲೆ ಲಂಡನ್. ಬೆಂಗಳೂರಿಗೆ ತನ್ನದೇ ಆದ ಷೇರು ವಿನಿಮಯ ಕೇಂದ್ರವು ೧೯೬೩ರಲ್ಲಿ ದೊರೆಯಿತು. ೨೦೧೪ರಲ್ಲಿ ಅದೂ ವ್ಯವಹಾರದಿಂದ ನಿರ್ಗಮಿಸಿತು. ಪೇಟೆಗಳು ಹುಟ್ಟುತ್ತವೆ, ಅಳಿಯುತ್ತವೆ. ಅವುಗಳನ್ನು ನಂಬಿದ ಗುಣವನ್ನು ಷೇರಿನ ಸಹಜಗುಣವೆನ್ನಲಾಗದು.

ಇನ್ನು ಕಾಯಿದೆಯ ಮಾತು. ೧೯೫೬ರ ಭದ್ರತಾಪತ್ರ ಕರಾರುಗಳ ನಿಯಂತ್ರಣ ಕಾಯಿದೆಯು ಷೇರು, ಸ್ಟಾಕು, ಬಾಂಡು, ಡಿಬೆಂಚರುಗಳನ್ನು ಹೆಸರಿಸಿ, ‘ಅದೇ ಬಗೆಯ, ಪೇಟೆಯಲ್ಲಿ ಬಿಕರಿಯಾಗತಕ್ಕ ಇತರ ಪತ್ರಗಳು’ ಎಂಬ ಅರ್ಥದ ಮಾತನ್ನು ಸೇರಿಸುತ್ತದೆ. ‘ಬಿಕರಿಯಾಗತಕ್ಕ’ ಎಂಬ ವಿಶೇಷಣವು ಕೊನೆಯ ಪದಕ್ಕೆ ಮಾತ್ರವೋ, ಹಿಂದಿನ ಎಲ್ಲಕ್ಕೂ ಅನ್ವಯವೋ? ವ್ಯಾಕರಣದ ಈ ಸಣ್ಣ ಪ್ರಶ್ನೆಯ ಮೇಲೆ ದೊಡ್ಡ ವ್ಯಾಜ್ಯಗಳು ನಿಂತಿವೆ. ಮುಂಬಯಿ ಉಚ್ಚ ನ್ಯಾಯಾಲಯವು ದಹೀಬೆನ್ ಪಟೇಲ್ ಮೊಕದ್ದಮೆಯಲ್ಲಿ ಅದು ಎಲ್ಲಕ್ಕೂ ಅನ್ವಯವೆಂದೂ, ಆದುದರಿಂದ ಖಾಸಗಿ ಕಂಪೆನಿಯ ಷೇರು ಆ ಕಾಯಿದೆಯ ಭದ್ರತಾಪತ್ರವಲ್ಲವೆಂದೂ ತೀರ್ಮಾನಿಸಿತು. ೨೦೧೩ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪೀರ್‌ಲೆಸ್ ಮೊಕದ್ದಮೆಯಲ್ಲಿ, ವಿನಿಮಯ ಕೇಂದ್ರದಲ್ಲಿ ನಮೂದಾಗದಿದ್ದರೂ ಸಾರ್ವಜನಿಕ ಕಂಪೆನಿಯ ಷೇರು ಕಾಯಿದೆಗೆ ಒಳಪಡುತ್ತದೆಂದಿತು. ಸ್ವತಂತ್ರವಾಗಿ ಮಾರಬಲ್ಲುದೇ ಎಂಬುದೇ ಒರೆಗಲ್ಲಾಯಿತು.

ಈ ಒರೆಗಲ್ಲನ್ನು ಪೀಣ್ಯಕ್ಕೆ ತಂದು ನೋಡಬೇಕು. ಅಲ್ಲಿನ ಸಣ್ಣ ಕಾರ್ಖಾನೆಗಳಲ್ಲಿ ಒಬ್ಬನ ಒಡೆತನ, ಪಾಲುದಾರಿಕೆ, ಖಾಸಗಿ ಕಂಪೆನಿ ಎಂಬ ಮೂರು ರೂಪಗಳೂ ಉಂಟು. ಪಾಲುದಾರನು ತನ್ನ ಹಕ್ಕನ್ನು ಮಾರಿದರೆ ಕೊಂಡವನಿಗೆ ದೊರೆಯುವುದು ಲಾಭದ ಭಾಗವೇ ಹೊರತು ಆಡಳಿತದಲ್ಲಿ ಕೈಹಾಕುವ ಅಧಿಕಾರವಲ್ಲ. ೧೯೩೨ರ ಪಾಲುದಾರಿಕೆ ಕಾಯಿದೆಯ ಈ ತತ್ವವನ್ನೇ ೨೦೦೮ರ ಸೀಮಿತ ಹೊಣೆಯ ಪಾಲುದಾರಿಕೆ ಕಾಯಿದೆಯೂ ಉಳಿಸಿಕೊಂಡಿದೆ. ಖಾಸಗಿ ಕಂಪೆನಿಯಾದರೋ ಷೇರುಗಳ ವರ್ಗಾವಣೆಯನ್ನು ನಿರ್ಬಂಧಿಸಲೇಬೇಕು; ಇಲ್ಲವಾದರೆ ಅದು ಖಾಸಗಿಯೆನಿಸದು. ಆ ನಿರ್ಬಂಧವು ಕಂಪೆನಿಯ ನಿಯಮಾವಳಿಯಲ್ಲಿ ಇರತಕ್ಕದ್ದು, ಷೇರುದಾರರ ಪರಸ್ಪರ ಒಪ್ಪಂದ ಮಾತ್ರ ಸಾಲದು ಎಂದು ೧೯೯೧ರಲ್ಲಿ ವಿ. ಬಿ. ರಂಗರಾಜ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಅಣ್ಣತಮ್ಮಂದಿರು ಬಾಯಿಮಾತಿನಿಂದ ಪಾಲು ಹಂಚಿಕೊಂಡು ನಡೆಸುವ ಕಾರ್ಖಾನೆಗಳಿಗೆ ಇದರ ಪರಿಣಾಮ ಎಂಥದೆಂಬುದನ್ನು ವಿವರಿಸಬೇಕಾಗಿಲ್ಲ.

ವೈಟ್‌ಫೀಲ್ಡಿನದು ಮೂರನೆಯ ಬಗೆ. ಅಲ್ಲಿನ ಇಂಟರ್‌ನ್ಯಾಷನಲ್ ಟೆಕ್ ಪಾರ್ಕು ೧೯೯೪ರಲ್ಲಿ ಸಿಂಗಪುರದ ಕೂಟ, ಟಾಟಾ ಸಂಸ್ಥೆ, ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಇವುಗಳ ಜಂಟಿ ಉದ್ಯಮವಾಗಿ ಆರಂಭವಾಯಿತು. ಇಲ್ಲಿ ಪಾಲೆಂಬುದು ಪೇಟೆಗಾಗಿ ಹುಟ್ಟಿದ ಪತ್ರವಲ್ಲ, ಕೆಲವೇ ಸಂಸ್ಥೆಗಳ ನಡುವಣ ಅಧಿಕಾರದ ಹಂಚಿಕೆ. ಮೂರು ಪ್ರದೇಶ, ಮೂರು ಬಗೆಯ ಒಡೆತನ; ಒಂದೇ ಹೆಸರಿನಿಂದ ಮೂರನ್ನೂ ಕರೆಯುವುದು ಚರಿತ್ರಕಾರನಿಗೆ ತಕ್ಕುದಲ್ಲ.

ಆದರೆ ಶಾಸನಕರ್ತರೇ ಹಾಗೆ ಕರೆಯತೊಡಗಿದ್ದಾರೆ. ೨೦೧೩ರ ಕಂಪೆನಿ ಕಾಯಿದೆಯು ಭದ್ರತಾಪತ್ರದ ಅರ್ಥವನ್ನು ೧೯೫೬ರ ಕಾಯಿದೆಯಿಂದಲೇ ಎರವಲು ತಂದು, ಖಾಸಗಿ ಕಂಪೆನಿಯ ‘ಭದ್ರತಾಪತ್ರ’ಗಳ ಬಗ್ಗೆಯೂ ವಿಧಿಗಳನ್ನು ಮಾಡುತ್ತದೆ. ಮುಂಬಯಿಯ ತೀರ್ಪನ್ನು ಒಪ್ಪಿದರೆ ಆ ಮಾತೇ ಅಸಂಗತ. ೨೦೨೩ರ ಅಕ್ಟೋಬರಿನ ನಿಯಮವು ಇನ್ನೂ ಮುಂದೆ ಹೋಗಿ, ಸಣ್ಣ ಕಂಪೆನಿಗಳನ್ನುಳಿದು ಮಿಕ್ಕ ಖಾಸಗಿ ಕಂಪೆನಿಗಳ ಷೇರುಗಳನ್ನೂ ಕಾಗದದಿಂದ ಬಿಡಿಸಿ ಡಿಮ್ಯಾಟ್ ಖಾತೆಗೆ ಸೇರಿಸಬೇಕೆಂದಿತು. ಮೊದಲು ವಿಧಿಸಿದ ೨೦೨೪ರ ಸೆಪ್ಟೆಂಬರ್ ಗಡುವು ೨೦೨೫ರ ಜೂನ್‌ವರೆಗೆ ವಿಸ್ತರಿಸಲ್ಪಟ್ಟಿತು. ಖೋಟಾ ಪತ್ರಗಳನ್ನೂ ಹಿಂದಿನ ತಾರೀಖು ಹಾಕಿದ ವರ್ಗಾವಣೆಗಳನ್ನೂ ತಡೆಯಲು ಇದು ಉಪಯುಕ್ತವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪಾಲಿಗೆ ಇದರಿಂದ ಬಂದುದು ಭದ್ರತಾಪತ್ರದ ವೇಷ, ಪೇಟೆಯಲ್ಲ. ಖಾತೆಯಲ್ಲಿ ಸಂಖ್ಯೆ ಕಂಡ ಮಾತ್ರಕ್ಕೆ ಕೊಳ್ಳುವವನು ದೊರೆಯುವುದಿಲ್ಲ, ನಿಯಮಾವಳಿಯ ನಿರ್ಬಂಧವೂ ಸಡಿಲವಾಗುವುದಿಲ್ಲ.

ಅಮೆರಿಕದ ಏಕರೂಪ ವಾಣಿಜ್ಯ ಸಂಹಿತೆಯ ಕ್ರಮವನ್ನು ಇಲ್ಲಿ ಹೋಲಿಸಬಹುದು. ಅದರ ಎಂಟನೆಯ ಅಧ್ಯಾಯದಂತೆ ಕಾರ್ಪೊರೇಷನ್ನಿನ ಷೇರು, ಪೇಟೆ ಇರಲಿ ಇಲ್ಲದಿರಲಿ, ಭದ್ರತಾಪತ್ರವೇ. ಪಾಲುದಾರಿಕೆಯ ಹಾಗೂ ಸೀಮಿತ ಹೊಣೆಯ ಸಂಸ್ಥೆಯ ಪಾಲು ಸಾಮಾನ್ಯವಾಗಿ ಹಾಗಲ್ಲ, ಅದು ಪೇಟೆಯಲ್ಲಿ ವಹಿವಾಟಾದರೆ ಅಥವಾ ತಾನಾಗಿ ಆ ಸಂಹಿತೆಗೆ ಒಳಪಟ್ಟರೆ ಹಾಗೆ ಆಗುತ್ತದೆ. ಆದರೆ ಆ ಅಧ್ಯಾಯದ ಉದ್ದೇಶ ವರ್ಗಾವಣೆ, ಅಡಮಾನಗಳ ಕ್ರಮವನ್ನು ನಿಶ್ಚಯಿಸುವುದು ಮಾತ್ರ. ಹೂಡಿಕೆದಾರನ ರಕ್ಷಣೆಗೆ ಬೇರೆಯೇ ಶಾಸನವುಂಟು. ಎರಡು ಪ್ರಯೋಜನಗಳನ್ನು ಬೇರ್ಪಡಿಸಿದುದರಿಂದ ಅಲ್ಲಿ ಅರ್ಥವು ಅಷ್ಟರಮಟ್ಟಿಗೆ ನಿಷ್ಕೃಷ್ಟವಾಗಿದೆ. ನಮ್ಮಲ್ಲಿ ಒಂದೇ ವ್ಯಾಖ್ಯೆಯು ಎರಡು ಭಾರಗಳನ್ನೂ ಹೊತ್ತು ಬಾಗಿದೆ.

ಇದು ಕೇವಲ ಪದಗಳ ಜಗಳವಲ್ಲ. ಹೊರವರ್ತುಲ ರಸ್ತೆಯಿಂದ ವೈಟ್‌ಫೀಲ್ಡಿನವರೆಗೆ ಹಬ್ಬಿದ ಹೊಸ ಕಂಪೆನಿಗಳಲ್ಲಿ ಸಂಬಳದ ಒಂದಂಶಕ್ಕೆ ಬದಲಾಗಿ ಷೇರಿನ ಆಯ್ಕೆಹಕ್ಕನ್ನು ಪಡೆಯುವ ತರುಣರು ಅನೇಕರಿದ್ದಾರೆ. ಅವರಲ್ಲಿ ನಮ್ಮ ಕಾಲೇಜುಗಳಿಂದ ಹೊರಟವರೂ ಉಂಟು. ೧೯೯೪ರ ನೌಕರನ ಕೈಗೆ ಬಂದುದೂ ತಮ್ಮ ಕೈಗೆ ಬಂದುದೂ ಒಂದೇ ಎಂದು ಅವರು ತಿಳಿದರೆ, ಆ ಭ್ರಮೆಗೆ ಚರಿತ್ರೆಯನ್ನು ಸರಳಗೊಳಿಸಿ ಹೇಳಿದವರೂ ಹೊಣೆಗಾರರು. ಪಾಲು ಯಾರಿಗೆ ದೊರೆಯಿತೆಂದು ಕೇಳಿದರೆ ಸಾಲದು. ಅದನ್ನು ಯಾರಿಗೆ, ಯಾರ ಒಪ್ಪಿಗೆಯಿಂದ, ಯಾವ ಪೇಟೆಯಲ್ಲಿ ಮಾರಬಹುದಿತ್ತು ಎಂಬ ಪ್ರಶ್ನೆಯನ್ನೂ ಕೇಳಬೇಕು. ಇದಕ್ಕೆ ಆಧಾರಗಳು ಕಂಪೆನಿಗಳ ಸದಸ್ಯರ ದಾಖಲೆಪುಸ್ತಕ, ನಿಯಮಾವಳಿ, ಹಳೆಯ ಷೇರುಪತ್ರಗಳು. ಕಾಗದದ ಪತ್ರಗಳು ಈಗ ರದ್ದಾಗುತ್ತಿರುವುದರಿಂದ, ಪೀಣ್ಯದ ಹಳೆಯ ಕಾರ್ಖಾನೆಗಳ ಕಪಾಟುಗಳಲ್ಲಿ ಉಳಿದವನ್ನು ಸಂಗ್ರಹಿಸುವ ಕಾರ್ಯವನ್ನು ಇತಿಹಾಸ ವಿಭಾಗಗಳು ತಡಮಾಡದೆ ಕೈಗೊಳ್ಳುವುದು ಅವಶ್ಯಕವಾಗಿದೆ.