ಫ್ರಾಂಚೈಸಿ ಒಪ್ಪಂದದ ತಪಾಸಣಾ ಹಕ್ಕು: ಹೊಣೆಯಿಲ್ಲದ ನೋಟ

ತನ್ನ ಹೆಸರನ್ನೂ ವ್ಯವಹಾರದ ವಿಧಾನವನ್ನೂ ಬಳಸಲು ಮತ್ತೊಬ್ಬರಿಗೆ ಅನುಮತಿ ಕೊಟ್ಟು, ಪ್ರತಿಯಾಗಿ ಮಾರಾಟದಲ್ಲಿ ರಾಯಲ್ಟಿ ಎಂಬ ಪಾಲನ್ನು ಪಡೆಯುವ ಮೂಲ ಕಂಪನಿಯು, ಫ್ರಾಂಚೈಸಿದಾರನ ಅಂಗಡಿಯನ್ನು ಹೊಕ್ಕು ನೋಡುವ, ಅವನ ಲೆಕ್ಕಪುಸ್ತಕಗಳನ್ನು ತರಿಸಿ ಪರೀಕ್ಷಿಸುವ ಹಕ್ಕನ್ನು ಒಪ್ಪಂದದಲ್ಲೇ ಬರೆಸಿಕೊಂಡಿರುತ್ತದೆ. ಈ ಹಕ್ಕು ಕೇವಲ ದರ್ಪದಿಂದ ಹುಟ್ಟಿದ್ದಲ್ಲ. ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 1959ರ ಡಾನ್ ಡೋನಟ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದಂತೆ, ಟ್ರೇಡ್‌ಮಾರ್ಕನ್ನು ಇತರರ ಕೈಗೆ ಕೊಟ್ಟವರು ಅವರ ಕೆಲಸದ ಮೇಲೆ ತಕ್ಕಮಟ್ಟಿನ ನಿಗಾ ಇಡಲೇಬೇಕು, ಇಲ್ಲವಾದರೆ ಹೆಸರನ್ನು ನಂಬಿ ಕೊಳ್ಳುವ ಗ್ರಾಹಕನಿಗೆ ರಕ್ಷಣೆಯಿರುವುದಿಲ್ಲ. ಭಾರತದ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯೂ, ಗುಣಮಟ್ಟದ ಕರಾರು ಜಾರಿಯಾಗದಿದ್ದರೆ ನೋಂದಾಯಿತ ಬಳಕೆದಾರನ ನೋಂದಣಿಯನ್ನು ರದ್ದುಪಡಿಸಲು ಅವಕಾಶ ಕೊಡುತ್ತದೆ.

ಆದರೆ ರೂಢಿಯಲ್ಲಿರುವ ಕರಾರುಗಳನ್ನು ಓದಿದರೆ ಗುಣಮಟ್ಟಕ್ಕಿಂತ ಗಲ್ಲಾಪೆಟ್ಟಿಗೆಯ ಚಿಂತೆಯೇ ಹೆಚ್ಚಾಗಿ ಕಾಣುತ್ತದೆ. ಮಾರಾಟವನ್ನು ನಿಗದಿತ ಶೇಕಡಾವಾರು ಮಿತಿಯನ್ನು ಮೀರಿ ಕಡಿಮೆ ತೋರಿಸಿದ್ದು ಬಯಲಾದರೆ ಬಾಕಿ ರಾಯಲ್ಟಿ ಮತ್ತು ಬಡ್ಡಿಯ ಜೊತೆಗೆ ಲೆಕ್ಕಪರಿಶೋಧನೆಯ ಖರ್ಚನ್ನೂ ಫ್ರಾಂಚೈಸಿದಾರನೇ ಭರಿಸಬೇಕೆಂಬ ಷರತ್ತು ಸಾಮಾನ್ಯವಾಗಿರುತ್ತದೆ. ಅದೇ ಫ್ರಾಂಚೈಸಿದಾರರು ಸಾಮೂಹಿಕ ಜಾಹೀರಾತು ನಿಧಿಗೆ ಕಟ್ಟಿದ ಹಣ ಎಲ್ಲಿ ಹೋಯಿತೆಂದು ಕೇಳಲು ಅಷ್ಟೇ ಬಲವಾದ ಹಕ್ಕು ಅಪರೂಪ.

ಈ ಏಕಮುಖ ನೋಟದ ಪರಿಣಾಮವು ಆಸ್ಟ್ರೇಲಿಯಾದ ಸೆವೆನ್-ಇಲೆವೆನ್ ಮಳಿಗೆಗಳಲ್ಲಿ ಬಯಲಾಯಿತು. ಅಲ್ಲಿ ದುಡಿಯುತ್ತಿದ್ದವರಲ್ಲಿ ಅನೇಕರು ಭಾರತವೂ ಸೇರಿದಂತೆ ಹೊರದೇಶಗಳಿಂದ ಬಂದ ವಿದ್ಯಾರ್ಥಿಗಳಾಗಿದ್ದು, ವೀಸಾ ಅನುಮತಿಸಿದ ಅವಧಿಗಿಂತ ಹೆಚ್ಚು ದುಡಿಸಿಕೊಂಡು ದಾಖಲೆಯಲ್ಲಿ ಅದರ ಅರ್ಧದಷ್ಟನ್ನೇ ತೋರಿಸುವ ವಂಚನೆ 2015ರಲ್ಲಿ ಮಾಧ್ಯಮಗಳ ಮೂಲಕ ಹೊರಬಂತು. ಗಮನಿಸಬೇಕಾದದ್ದು ಇದು: ವೇತನ ಪಾವತಿಯ ವ್ಯವಸ್ಥೆಯೂ ಕೇಂದ್ರ ಕಚೇರಿಯ ಮೂಲಕವೇ ಸಾಗುತ್ತಿತ್ತು. ಮಾರಾಟದ ಲೆಕ್ಕವನ್ನು ಬಲ್ಲ ಕಂಪನಿಗೆ, ಒಬ್ಬ ಕೆಲಸಗಾರ ರಾತ್ರಿಯಿಡೀ ಕೌಂಟರಿನ ಹಿಂದೆ ನಿಂತದ್ದು ಮಾತ್ರ ತಿಳಿಯಲಿಲ್ಲವೆಂಬ ವಾದ ನಂಬಲರ್ಹವಲ್ಲ. ಅಲ್ಲಿನ ಕಾರ್ಮಿಕ ನ್ಯಾಯಪಾಲಕ ಸಂಸ್ಥೆಯೂ 2016ರ ವರದಿಯಲ್ಲಿ ಕಂಪನಿಯ ತಪಾಸಣಾ ಕ್ರಮ ಸಾಕಷ್ಟಿರಲಿಲ್ಲವೆಂದೇ ಹೇಳಿತು. ಅಲ್ಲಿನ ಕಾರ್ಮಿಕ ಕಾನೂನಿಗೆ 2017ರಲ್ಲಿ ತಂದ ತಿದ್ದುಪಡಿಯು, ಫ್ರಾಂಚೈಸಿದಾರನ ಮೇಲೆ ಗಣನೀಯ ಪ್ರಭಾವವಿರುವ ಕಂಪನಿಯು ಉಲ್ಲಂಘನೆಯನ್ನು ತಿಳಿದಿದ್ದರೂ, ತಿಳಿದಿರಬೇಕಾಗಿದ್ದರೂ ಹೊಣೆಯಾಗುತ್ತದೆಂದು ವಿಧಿಸಿತು. ತಡೆಗಟ್ಟಲು ತಕ್ಕ ಕ್ರಮ ಕೈಗೊಂಡಿದ್ದರೆ ಮಾತ್ರ ವಿನಾಯಿತಿ.

ಇದಕ್ಕೆ ಕಂಪನಿಗಳ ಪ್ರತಿವಾದವನ್ನು ತಳ್ಳಿಹಾಕಲಾಗದು. ನಿಗಾ ಹೆಚ್ಚಾದಷ್ಟೂ ನ್ಯಾಯಾಲಯವು ಕಂಪನಿಯನ್ನೇ ಕೆಲಸಗಾರರ ಮಾಲೀಕನೆಂದು ಪರಿಗಣಿಸುವ ಅಪಾಯವಿದೆ. ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಡಾಮಿನೋಸ್ ಪ್ರಕರಣದಲ್ಲಿ, ಕಾರ್ಯವಿಧಾನದ ಮೇಲಿನ ನಿಯಂತ್ರಣದಿಂದಷ್ಟೇ ಆ ಸ್ಥಾನ ಬರುವುದಿಲ್ಲವೆಂದು ತೀರ್ಪಿತ್ತರೂ ಭಯ ಉಳಿದಿದೆ. ಆದರೆ ಆ ಭಯವು ಬಿಲ್ಲುಗಳನ್ನು ನೋಡಲು ಅಡ್ಡಿಯಾಗದೆ ಹಾಜರಿ ಪಟ್ಟಿಯನ್ನು ನೋಡಲು ಮಾತ್ರ ಅಡ್ಡಿಯಾಗುವುದು ಅನುಕೂಲದ ಲಕ್ಷಣ, ತತ್ವದ್ದಲ್ಲ.

ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆಯಿಲ್ಲದ ಭಾರತದಲ್ಲಿ ಈ ಸಂಬಂಧವನ್ನು ಮುಖ್ಯವಾಗಿ 1872ರ ಕರಾರು ಕಾಯ್ದೆ ಮತ್ತು ಸಹಿ ಹಾಕಿದ ಕಾಗದವೇ ಆಳುವುದರಿಂದ, ಎಷ್ಟು ದಿನ ಮೊದಲು ತಿಳಿಸಿ ತಪಾಸಣೆಗೆ ಬರಬೇಕು, ಎಷ್ಟು ವರ್ಷಗಳ ಹಿಂದಿನ ದಾಖಲೆ ಕೇಳಬಹುದು, ಕಂಡದ್ದರ ವರದಿಯ ಪ್ರತಿಯನ್ನು ಫ್ರಾಂಚೈಸಿದಾರನಿಗೂ ಕೊಡಬೇಕೇ ಎಂಬುದೆಲ್ಲ, ಕರಾರನ್ನು ಬರೆದ ಕಂಪನಿಯ ವಕೀಲರು ಏನನ್ನು ಬಿಟ್ಟರು ಎಂಬುದರ ಮೇಲೆ ನಿಂತಿದೆ.