ಚೀಲಕ್ಕೆ ಹೆಸರಿದೆ, ಹಿಡಿದವಳಿಗಿಲ್ಲ

ಫ್ಯಾಷನ್ ಪತ್ರಿಕೆಯ ಫೋಟೊ ಎಡಿಟೋರಿಯಲ್‌ಗಳ ಬಗ್ಗೆ ಓದುಗರು ಏನು ಹೇಳುತ್ತಾರೆ ಎಂಬುದನ್ನು ನಾನು ಆ ಚಿತ್ರಗಳಷ್ಟೇ ಆಸ್ಥೆಯಿಂದ ಗಮನಿಸುತ್ತೇನೆ. ‘ಬೆಳಕು ಸೊಗಸಾಗಿದೆ’, ‘ಬಟ್ಟೆಯೇ ಕಾಣುತ್ತಿಲ್ಲ’, ‘ಇದನ್ನು ಯಾರು ಹಾಕಿಕೊಳ್ಳುತ್ತಾರೆ’ ಎಂಬ ಮಾತುಗಳು ಪ್ರತಿ ಸಂಚಿಕೆಗೂ ಬರುತ್ತವೆ, ಹೋಗುತ್ತವೆ. ಒಮ್ಮೊಮ್ಮೆ ಮಾತ್ರ ಸಂಪಾದಕರ ಕಣ್ಣಿಗೆ ಬೀಳದೆ ಹೋದದ್ದನ್ನು ಓದುಗರು ಬೆರಳಿಟ್ಟು ತೋರಿಸುತ್ತಾರೆ. 2008ರ ಜುಲೈ ಮತ್ತು ಆಗಸ್ಟ್‌ನಲ್ಲಿ, ಒಂದೇ ಪ್ರಕಾಶನ ಸಂಸ್ಥೆಯ ಎರಡು ಪತ್ರಿಕೆಗಳ ವಿಷಯದಲ್ಲಿ, ಹಾಗೆ ಆಯಿತು. ಒಂದು ಮಿಲಾನಿನ ‘ವೋಗ್ ಇಟಾಲಿಯಾ’, ಇನ್ನೊಂದು ಮುಂಬೈಯ ‘ವೋಗ್ ಇಂಡಿಯಾ’.

ಮೊದಲು ಇಟಲಿಯದು. 1988ರಲ್ಲಿ ಆ ಪತ್ರಿಕೆಯ ಚುಕ್ಕಾಣಿ ಹಿಡಿದು 2016ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ನಡೆಸಿದ ಫ್ರಾಂಕಾ ಸೊಜ್ಜಾನಿಗೆ ಒಂದು ವಿಷಯ ಸ್ಪಷ್ಟವಿತ್ತು. ಇಟಾಲಿಯನ್ ಓದಬಲ್ಲವರು ಇಟಲಿಯ ಆಚೆ ಕಡಿಮೆ. ಹೊರಗಿನವರನ್ನು ಮುಟ್ಟಬೇಕಾದರೆ ಚಿತ್ರವೇ ಮಾತಾಡಬೇಕು. ಕನ್ನಡದಲ್ಲಿ ಪತ್ರಿಕೆ ಮಾಡುವವರಿಗೆ ಈ ಇಕ್ಕಟ್ಟು ಹೊಸದಲ್ಲ. ಸೊಜ್ಜಾನಿ ಅದನ್ನೇ ಬಲ ಮಾಡಿಕೊಂಡರು. ಛಾಯಾಗ್ರಾಹಕ ಸ್ಟೀವನ್ ಮೈಸೆಲ್ ಅವರಿಗೆ ಮುಖಪುಟವನ್ನೂ ಒಳಗಿನ ಹತ್ತಾರು ಪುಟಗಳನ್ನೂ ತಿಂಗಳು ತಿಂಗಳು ಬಿಟ್ಟುಕೊಟ್ಟರು. ಅಷ್ಟು ಕಾಲ ಒಬ್ಬನೇ ಛಾಯಾಗ್ರಾಹಕನನ್ನು ಅಷ್ಟು ನಂಬಿದ ಸಂಪಾದಕರು ಈ ಕ್ಷೇತ್ರದಲ್ಲಿ ವಿರಳ.

ಪ್ಯಾರಿಸ್, ಮಿಲಾನ್ ರ‍್ಯಾಂಪ್‌ಗಳಲ್ಲಿ ಬಿಳಿಯ ಹುಡುಗಿಯರನ್ನು ಬಿಟ್ಟರೆ ಬೇರೆಯವರು ಕಾಣದಂತಾಗಿದ್ದ ಕಾಲ ಅದು. ಜುಲೈ 2008ರ ಸಂಚಿಕೆಯ ಫ್ಯಾಷನ್ ಪುಟಗಳಲ್ಲೆಲ್ಲ ಮೈಸೆಲ್ ಕಪ್ಪು ರೂಪದರ್ಶಿಯರನ್ನೇ ತಂದರು. ಮುಖಪುಟವೇ ನಾಲ್ಕು ಬಗೆ: ಲಿಯಾ ಕೆಬೆಡೆ, ಸೆಸಿಲಿ ಲೋಪೆಜ್, ಜೋರ್ಡನ್ ಡನ್, ನವೋಮಿ ಕ್ಯಾಂಪ್‌ಬೆಲ್. ಒಳಗೆ ಇಮಾನ್, ಅಲೆಕ್ ವೆಕ್, ವೆರೋನಿಕಾ ವೆಬ್, ಪ್ಯಾಟ್ ಕ್ಲೀವ್‌ಲ್ಯಾಂಡ್. ಕೃಶ ದೇಹವನ್ನೇ ಪೂಜಿಸುವ ಜಗತ್ತಿನಲ್ಲಿ ಮೈತುಂಬಿದ ಟೊಕಾರಾ ಜೋನ್ಸ್‌ಗೂ ಪುಟಗಳು ಸಿಕ್ಕವು. ಅಮೆರಿಕ, ಬ್ರಿಟನ್ನಿನ ಅಂಗಡಿಗಳಲ್ಲಿ ಪ್ರತಿಗಳು ಖಾಲಿಯಾಗಿ ಪತ್ರಿಕೆಯನ್ನು ಮತ್ತೆ ಅಚ್ಚು ಹಾಕಬೇಕಾಯಿತು. ತಿಂಗಳು ಮುಗಿದ ಮೇಲೆ ರದ್ದಿಗೆ ಹೋಗುವ ಸರಕಿಗೆ ಮರುಮುದ್ರಣವೆಂದರೆ ಅದು ಸಣ್ಣ ಸಂಗತಿಯಲ್ಲ.

ಓದುಗರು ಸಂಭ್ರಮಪಟ್ಟರು. ಆದರೆ ಅವರಲ್ಲಿ ಕೆಲವರು ಫ್ಯಾಷನ್ ಪುಟಗಳನ್ನಷ್ಟೇ ನೋಡಿ ಮುಚ್ಚಿಡಲಿಲ್ಲ, ಜಾಹೀರಾತುಗಳನ್ನೂ ನೋಡಿದರು. ಅಲ್ಲಿ ಎಂದಿನಂತೆ ಬಿಳಿಯ ಮುಖಗಳದ್ದೇ ಮೇಲುಗೈ. ಸಂಪಾದಕಿ ತನ್ನ ಪುಟಗಳನ್ನು ಬದಲಿಸಿದರೂ ಆ ಪುಟಗಳಿಗೆ ಹಣ ಕೊಡುವ ಕಂಪನಿಗಳು ಬದಲಾಗಿಲ್ಲ ಎಂಬುದು ಒಂದೇ ಸಂಚಿಕೆಯೊಳಗೆ ಕಣ್ಣಿಗೆ ರಾಚುತ್ತಿತ್ತು. ಇನ್ನು ಕೆಲವರು ಕೇಳಿದರು: ಒಂದು ತಿಂಗಳು ಇವರಿಗೆಂದು ಎತ್ತಿಟ್ಟರೆ ಅದು ಗೌರವವೋ, ಬೇರೆ ಪಂಕ್ತಿಯೋ? ಈ ಎರಡನೆಯ ಪ್ರಶ್ನೆಯಲ್ಲಿ ಹುರುಳಿದೆ, ಆದರೂ ನನ್ನ ಮತ ಸೊಜ್ಜಾನಿಗೇ. ಬಾಗಿಲು ಮುಚ್ಚಿರುವಾಗ ಮೊದಲು ಅದನ್ನು ಒದೆಯಬೇಕು. ಜಾಹೀರಾತಿನ ಮಾತು ಮಾತ್ರ ನನ್ನನ್ನು ಬಿಟ್ಟಿಲ್ಲ. ಅಂದಿನಿಂದ ಯಾವ ಸಂಚಿಕೆ ಕೈಗೆ ಬಂದರೂ ಎಡಿಟೋರಿಯಲ್ ನೋಡಿ, ಹಿಂದಕ್ಕೆ ಬಂದು ಜಾಹೀರಾತುಗಳನ್ನು ಒಂದೊಂದಾಗಿ ತಿರುವುತ್ತೇನೆ.

ಮುಂದಿನ ತಿಂಗಳ ಕಥೆಗೆ ಹೋಗುವ ಮೊದಲು ಈ ಪುಟಗಳು ಹೇಗೆ ತಯಾರಾಗುತ್ತವೆ ಎಂಬುದು ಒಂದಿಷ್ಟು ಗೊತ್ತಿರಬೇಕು. ರೂಪದರ್ಶಿ ತೊಟ್ಟದ್ದು ಪತ್ರಿಕೆಯ ಸ್ವತ್ತಲ್ಲ. ಸ್ಟೈಲಿಸ್ಟ್ ಅದನ್ನು ಕಂಪನಿಗಳಿಂದ ಕಡ ತರುತ್ತಾರೆ, ಫೋಟೊ ಆದ ಮೇಲೆ ಹಿಂತಿರುಗಿಸುತ್ತಾರೆ. ಅದಕ್ಕೆ ಪ್ರತಿಯಾಗಿ ಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಕ್ರೆಡಿಟ್’ ಬರುತ್ತದೆ: ಕೋಟು ಇಂಥವರದು, ಚಪ್ಪಲಿ ಇಂಥವರದು. ಜಾಹೀರಾತು ಕೊಡುವ ಕಂಪನಿಗಳು ತಮ್ಮ ಹೆಸರು ವರ್ಷದಲ್ಲಿ ಎಷ್ಟು ಸಲ ಬಂತೆಂದು ಲೆಕ್ಕ ಇಡುತ್ತವೆ. ಛಾಯಾಗ್ರಾಹಕ, ಕೇಶವಿನ್ಯಾಸಕಿ, ಪ್ರಸಾಧಕ, ರೂಪದರ್ಶಿ ಎಲ್ಲರ ಹೆಸರೂ ಎಲ್ಲೋ ಒಂದು ಕಡೆ ಇರುತ್ತದೆ. ಇದು ಈ ವೃತ್ತಿಯ ಶಿಷ್ಟಾಚಾರ.

ಆಗಸ್ಟ್ 2008ರಲ್ಲಿ ‘ವೋಗ್ ಇಂಡಿಯಾ’ಕ್ಕೆ ಇನ್ನೂ ವರ್ಷ ತುಂಬಿರಲಿಲ್ಲ, ಅದು ಶುರುವಾದದ್ದು 2007ರ ಅಕ್ಟೋಬರಿನಲ್ಲಿ. ಆ ತಿಂಗಳ ಸಂಚಿಕೆಯಲ್ಲಿ 16 ಪುಟಗಳ ಒಂದು ಎಡಿಟೋರಿಯಲ್ ಬಂತು. ರೂಪದರ್ಶಿಗಳ ಬದಲು ಅಲ್ಲಿ ಇದ್ದದ್ದು ಸಾಮಾನ್ಯ ಜನ, ಹೆಚ್ಚಿನವರು ಬಡವರು. ಮುಂಬಲ್ಲಿಲ್ಲದ ಅಜ್ಜಿಯೊಬ್ಬಳ ಕಂಕುಳಲ್ಲಿ ಮಗು. ಮಗುವಿನ ಕತ್ತಿಗೆ ಜೊಲ್ಲು ಬೀಳದಂತೆ ಕಟ್ಟಿದ ಬಿಬ್ ಫೆಂಡಿ ಕಂಪನಿಯದು, ಬೆಲೆ ಸುಮಾರು 100 ಡಾಲರ್. ಬರಿಗಾಲಿನ ಮುದುಕನ ಕೈಯಲ್ಲಿ ಬರ್ಬೆರಿ ಛತ್ರಿ, 200 ಡಾಲರ್, ಅಂದಿನ ಲೆಕ್ಕದಲ್ಲಿ 8,500 ರೂಪಾಯಿಯ ಆಸುಪಾಸು. ಒಂದೇ ಬೈಕಿನ ಮೇಲೆ ಗಂಡ, ಹೆಂಡತಿ, ಮಗು. ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂತ ಹೆಂಡತಿಯ ಕೈಯಲ್ಲಿ ಎರ್ಮೆಸ್ ಕಂಪನಿಯ ಬರ್ಕಿನ್ ಚೀಲ. ಅದರ ಬೆಲೆ 10,000 ಡಾಲರಿಗೂ ಮೇಲೆ. ಆ ಬೈಕಿನಂಥ ಹತ್ತು ಬೈಕುಗಳನ್ನು ಕೊಂಡರೂ ಚೀಲದ ದುಡ್ಡು ಉಳಿಯುತ್ತಿತ್ತು.

ಕೋಪ ಬಂದದ್ದು ಸಹಜ. ವಿಶ್ವಬ್ಯಾಂಕ್ ತನ್ನ ಹೊಸ ಲೆಕ್ಕ ಹೊರಹಾಕಿದ್ದೂ ಅದೇ ತಿಂಗಳು: ದಿನಕ್ಕೆ ಒಂದೂಕಾಲು ಡಾಲರಿಗಿಂತ ಕಡಿಮೆಯಲ್ಲಿ ಬದುಕುವ ಭಾರತೀಯರು ಸುಮಾರು 45.6 ಕೋಟಿ. ರೈತರು ಜೀವ ಕಳೆದುಕೊಳ್ಳುತ್ತಿರುವ ದೇಶದಲ್ಲಿ ಇದೇನು ಆಟ ಎಂದು ‘ಮೇಲ್ ಟುಡೇ’ ಅಂಕಣಗಾರ್ತಿ ಕನಿಕಾ ಗಹ್ಲೋಟ್ ಕಿಡಿಕಾರಿದರು. ವಿವಾದ ‘ನ್ಯೂಯಾರ್ಕ್ ಟೈಮ್ಸ್’ವರೆಗೂ ಹೋಯಿತು. ಫ್ಯಾಷನ್ ಈಗ ಸಿರಿವಂತರ ಸ್ವತ್ತಲ್ಲ, ಯಾರು ತೊಟ್ಟರೂ ಅದು ಚೆಲುವಾಗಿ ಕಾಣಬಲ್ಲದು, ಇದನ್ನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕಿಲ್ಲ ಎಂಬುದು ಸಂಪಾದಕಿ ಪ್ರಿಯಾ ತನ್ನಾ ಅವರ ಸಮರ್ಥನೆ.

ಬಡತನದ ಪಕ್ಕ ದುಬಾರಿ ವಸ್ತು ಇಟ್ಟದ್ದೇ ಪಾಪ ಎಂದವರ ಜೊತೆ ನಾನಿಲ್ಲ. ಬೆಂಗಳೂರಿನ ಯಾವ ದೊಡ್ಡ ಮಾಲ್‌ನ ಎದುರಿಗೆ ನಿಂತರೂ ಆ ನೋಟ ಸಿಗುತ್ತದೆ. ಕಣ್ಣೆದುರಿಗಿರುವುದನ್ನು ಪತ್ರಿಕೆ ತೋರಿಸಬಾರದು ಎಂದರೆ ಪತ್ರಿಕೆಗಳು ಬರೀ ಅರಮನೆಗಳನ್ನೇ ತೋರಿಸಬೇಕಾದೀತು. ಆ ಪುಟಗಳ ಜನ ಅಂಗಲಾಚಿ ನಿಂತವರೂ ಅಲ್ಲ. ಗಹ್ಲೋಟ್ ಅವರ ಟೀಕೆಯಲ್ಲಿ ನನಗೆ ಅತಿ ಮುಖ್ಯವೆನಿಸಿದ್ದು ಇನ್ನೊಂದು ಮಾತು. ಚಿತ್ರದಲ್ಲಿರುವವರು ಯಾರು ಎಂದು ಹೇಳುವ ಗೋಜಿಗೇ ಪತ್ರಿಕೆ ಹೋಗಿಲ್ಲ ಎಂದರು ಅವರು. ಕ್ರೆಡಿಟ್‌ನಲ್ಲಿ ಬಿಬ್‌ಗೆ ಹೆಸರಿದೆ, ಛತ್ರಿಗೆ ಹೆಸರಿದೆ, ಚೀಲಕ್ಕೆ ಹೆಸರಿದೆ. ಅಜ್ಜಿಗೆ ಇಲ್ಲ, ಮಗುವಿಗೆ ಇಲ್ಲ, ಬೈಕಿನ ಮೇಲಿನ ದಂಪತಿಗೂ ಇಲ್ಲ. ಹದಿನಾರು ಪುಟಗಳ ಮಾಡೆಲ್‌ಗಳಾಗಿ ದುಡಿದವರು ಅವರು. ನವೋಮಿ ಕ್ಯಾಂಪ್‌ಬೆಲ್‌ಗೆ ಸಲ್ಲುವ ಶಿಷ್ಟಾಚಾರ ಅವರಿಗೂ ಸಲ್ಲಬೇಕಿತ್ತು. ಫ್ಯಾಷನ್ ಎಲ್ಲರದೂ ಎಂದು ಸಂಪಾದಕಿ ಮನಸಾರೆ ನಂಬಿದ್ದರೆ, ಆ ನಂಬಿಕೆಯನ್ನು ಒಂದೇ ಸಾಲಿನಲ್ಲಿ, ಆರು ಪಾಯಿಂಟಿನ ಅಕ್ಷರದಲ್ಲಿ ತೋರಿಸಬಹುದಿತ್ತು.

ಬಡವರನ್ನು ಫ್ಯಾಷನ್ ಪತ್ರಿಕೆಯೊಳಕ್ಕೆ ಕರೆತರುವುದು ಹೊಸ ಸಾಹಸವೇನಲ್ಲ. 1950ರಲ್ಲಿ ಛಾಯಾಗ್ರಾಹಕ ಇರ್ವಿಂಗ್ ಪೆನ್ ಅಮೆರಿಕದ ‘ವೋಗ್’ಗಾಗಿ ಪ್ಯಾರಿಸಿನ ಹೊಸ ಉಡುಪುಗಳ ಫೋಟೊ ತೆಗೆಯಲು ಹೋದರು. ಮೇಲ್ಮಹಡಿಯ ಒಂದು ಸ್ಟುಡಿಯೊ, ಕಿಟಕಿಯ ಬೆಳಕು, ಹಿಂದೆ ಹಳೆಯ ನಾಟಕದ ಪರದೆ. ಅಷ್ಟರಲ್ಲೇ, ಅದೇ ವರ್ಷ ತಮ್ಮ ಪತ್ನಿಯಾದ ಲೀಸಾ ಫೊನ್ಸಾಗ್ರೀವ್ಸ್ ಅವರನ್ನು ನಿಲ್ಲಿಸಿ ಅವರು ತೆಗೆದ ಚಿತ್ರಗಳಲ್ಲಿ ತೋಳಿನ ನೆರಿಗೆ, ಸೊಂಟದ ಹೊಲಿಗೆ ಎಲ್ಲ ಮುಟ್ಟಿ ನೋಡಿದಷ್ಟು ನಿಚ್ಚಳ. ‘ಬಟ್ಟೆಯೇ ಕಾಣುತ್ತಿಲ್ಲ’ ಎಂದು ದೂರುವ ಓದುಗರಿಗೆ ನಾನು ಮೊದಲು ತೋರಿಸುವುದು ಈ ಪುಟಗಳನ್ನೇ. ಫ್ಯಾಷನ್ ಕೆಲಸದ ನಡುನಡುವೆ ಅದೇ ಪರದೆಯ ಮುಂದೆ, ಅದೇ ಬೆಳಕಿನಲ್ಲಿ ಪೆನ್ ಪ್ಯಾರಿಸಿನ ಕಟುಕರನ್ನು, ಮಿಠಾಯಿ ಮಾಡುವವರನ್ನು ನಿಲ್ಲಿಸಿದರು. ಆಮೇಲೆ ಲಂಡನ್ನಿನಲ್ಲೂ ನ್ಯೂಯಾರ್ಕಿನಲ್ಲೂ ಇದನ್ನು ಮುಂದುವರಿಸಿದರು. ‘ಸ್ಮಾಲ್ ಟ್ರೇಡ್ಸ್’ ಎಂದು ಹೆಸರಾದ ಆ ಸರಣಿ ‘ವೋಗ್’ನಲ್ಲೇ ಅಚ್ಚಾಯಿತು.

ಆ ಕಸುಬಿನವರಿಗೆ ಪೆನ್ ಹೇಳಿದ್ದು ಇಷ್ಟೇ: ಕೆಲಸದ ಬಟ್ಟೆಯಲ್ಲಿ, ನಿಮ್ಮ ಹತಾರಗಳೊಂದಿಗೆ ಬನ್ನಿ. ಇದರ ಹಿಂದೆ ಏನೋ ಇರಬೇಕೆಂದು ಪ್ಯಾರಿಸಿನವರಿಗೆ ಅನುಮಾನ, ಆದರೂ ಕೂಲಿ ಸಿಗುತ್ತದೆಂದು ಬಂದರು. ಲಂಡನ್ನಿನವರಿಗೆ ತಮ್ಮ ಫೋಟೊ ತೆಗೆಯುವುದು ತೀರಾ ಸಹಜವೆನಿಸಿತು. ನ್ಯೂಯಾರ್ಕಿನ ಕೆಲವರು ಹೇಳಿದ್ದನ್ನು ಬದಿಗಿಟ್ಟು, ಕ್ಷೌರ ಮಾಡಿಸಿಕೊಂಡು ಭಾನುವಾರದ ಸೂಟು ತೊಟ್ಟು ಬಂದರು! ತಾನು ಹೇಗೆ ಕಾಣಬೇಕೆಂಬ ಆಸೆ ದುಡಿಯುವವನಿಗೂ ಇರುತ್ತದೆ. ಆ ಆಸೆಗೆ ‘ವೋಗ್ ಇಂಡಿಯಾ’ದ ಪುಟಗಳಲ್ಲಿ ಎಡೆ ಸಿಕ್ಕಿತ್ತೇ ಎಂದು ಅವುಗಳನ್ನು ತಿರುವಿದಾಗಲೆಲ್ಲ ನನಗೆ ಅನಿಸುತ್ತದೆ.

ಪೆನ್ ಚಿತ್ರಗಳಿಗೂ ವ್ಯಕ್ತಿಯ ಹೆಸರಿಲ್ಲ, ಕಸುಬಿನ ಹೆಸರಷ್ಟೇ ಇದೆ ಎಂದು ಚುರುಕು ಓದುಗರು ಆಕ್ಷೇಪಿಸಬಹುದು. ಸರಿಯಾದ ಆಕ್ಷೇಪ, ಪೆನ್ ದೊಡ್ಡವರೆಂದು ಅದನ್ನು ತಳ್ಳಿಹಾಕಲಾರೆ. ಹೆಸರಿದ್ದಿದ್ದರೆ ಆ ಸರಣಿ ಇನ್ನೂ ಮೇಲಾಗಿರುತ್ತಿತ್ತು. ಆದರೂ ಕಟುಕನ ಕೈಯಲ್ಲಿರುವ ಕತ್ತಿ ಅವನದೇ, ಏಪ್ರನ್ ಅವನದೇ, ಅದರ ಕಲೆಯೂ ಅವನ ದುಡಿಮೆಯದೇ. ಬೈಕಿನ ಹೆಣ್ಣುಮಗಳು ಫೋಟೊ ಮುಗಿದ ಕೂಡಲೇ ಚೀಲವನ್ನು ಹಿಂದಕ್ಕೆ ಕೊಟ್ಟು ಹೋದವಳು. ಈ ವ್ಯತ್ಯಾಸ ಚಿತ್ರದಲ್ಲೇ ಕಾಣುತ್ತದೆ: ತನ್ನದನ್ನು ಹಿಡಿದ ಕೈಗೂ ಕಡ ತಂದದ್ದನ್ನು ಹಿಡಿದ ಕೈಗೂ ಬಿಗಿ ಬೇರೆ. ಆ ಚೀಲದ ಚಿತ್ರ ಅಚ್ಚಾದ 2008ರಲ್ಲೇ ಲಾಸ್ ಏಂಜಲಿಸಿನ ಗೆಟ್ಟಿ ವಸ್ತುಸಂಗ್ರಹಾಲಯ ‘ಸ್ಮಾಲ್ ಟ್ರೇಡ್ಸ್’ನ 252 ಚಿತ್ರಗಳನ್ನು ತನ್ನದಾಗಿಸಿಕೊಂಡಿತು.

‘ವೋಗ್ ಇಂಡಿಯಾ’ ಎದುರಿಸಿದಂಥ ಗಲಾಟೆಗಳಾದ ಮೇಲೆ ಪತ್ರಿಕೆಗಳು ಅಂಜಿ ಬರೀ ಸಮುದ್ರತೀರ, ಬಿಳಿ ಲಿನನ್ ಬಟ್ಟೆಗೆ ಮರಳಿಬಿಡುತ್ತವೆ. ಅದು ನನಗೆ ಬೇಡ. ‘ವೋಗ್ ಇಟಾಲಿಯಾ’ದ 2010ರ ಆಗಸ್ಟ್ ಸಂಚಿಕೆಯಲ್ಲಿ ಮೈಸೆಲ್, ಮೆಕ್ಸಿಕೊ ಕೊಲ್ಲಿಯಲ್ಲಿ ಎಣ್ಣೆ ಸೋರಿದ ದುರಂತವನ್ನು ನೆನಪಿಸುವಂತೆ ರೂಪದರ್ಶಿ ಕ್ರಿಸ್ಟನ್ ಮೆಕ್‌ಮೆನಮಿಯನ್ನು ಎಣ್ಣೆ ಮೆತ್ತಿದ ಹಕ್ಕಿಯ ಹಾಗೆ ಬಂಡೆಗಳ ಮೇಲೆ ಮಲಗಿಸಿದರು. 11 ಕಾರ್ಮಿಕರು ಸತ್ತ ಅವಘಡವನ್ನು ಚೆಲುವಾಗಿ ತೋರಿಸುವುದೇ ಎಂದು ಓದುಗರು ಬೈದರು, ಮೆಚ್ಚಿದವರೂ ಇದ್ದರು. ನಾನು ಮೆಚ್ಚಿದವರ ಸಾಲಿನಲ್ಲಿದ್ದೇನೆ. ಅಲ್ಲಿ ಸಂಕಟವನ್ನು ನಟಿಸಿದ್ದು ವೃತ್ತಿಯ ನಟನೆ ಬಲ್ಲ ರೂಪದರ್ಶಿ. ಆಕೆಗೆ ಹೆಸರೂ ಇತ್ತು, ಸಂಭಾವನೆಯೂ ಇತ್ತು.

ಹಾಗಾಗಿ ಆ ಹದಿನಾರು ಪುಟಗಳನ್ನು ಮರೆತುಬಿಡಿ ಎಂದು ನಾನು ಹೇಳುವುದಿಲ್ಲ. ‘ವೋಗ್ ಇಂಡಿಯಾ’ ಎಂದಾದರೂ ತನ್ನ ಹಳೆಯ ಚಿತ್ರಗಳನ್ನು ಆಯ್ದು ಪುಸ್ತಕ ಮಾಡಿದರೆ ಅವು ಅದರಲ್ಲಿ ಇರಲಿ, ಚಿತ್ರ ಒಂದೂ ಬದಲಾಗದಿರಲಿ. ಫೋಟೊ ತೆಗೆದ ಊರಿಗೆ ಮೊದಲು ಯಾರಾದರೂ ಹೋಗಿ, ಆ ಮನೆಗಳ ಬಾಗಿಲು ತಟ್ಟಿ, ಹೆಸರು ಹಾಕಬಹುದೇ ಎಂದು ಕೇಳಲಿ. ಒಪ್ಪಿದವರ ಹೆಸರು ಚೀಲದ ಹೆಸರಿಗಿಂತ ಮೊದಲು ಬರಲಿ. ಬೇಡ ಎಂದವರ ಪುಟವನ್ನು ಬಿಟ್ಟುಬಿಡಲಿ.