ಸಂಖ್ಯಾಹಾರದ ಆಸ್ವಾದ

ಸಂಗೀತವನ್ನು ಸವಿಯಲು ಕಿವಿಗೆ ಸಂಸ್ಕಾರ ಬೇಕೆಂದು ಒಪ್ಪತಕ್ಕ ಸಹೃದಯರೇ, ದೀರ್ಘವಾದೊಂದು ಸಂಖ್ಯೆಯನ್ನು ಕಂಡೊಡನೆ ಅದು ಲೆಕ್ಕಿಗರ ಪಾಡೆಂದು ಪುಟ ಮಗುಚುವುದುಂಟು. ಅಂಥವರು 12345654321 ಎಂಬ ರಾಶಿಯಿಂದ ಅಭ್ಯಾಸವನ್ನು ಆರಂಭಿಸುವುದು ಉಚಿತ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಜೈನ ಗಣಿತಜ್ಞನಾದ ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ, ಗುಣಾಕಾರದ ಉದಾಹರಣೆಗಳ ನಡುವೆ ಇದು ದೊರೆಯುತ್ತದೆ: 27994681ನ್ನು 441ರಿಂದ ಗುಣಿಸಿದರೆ ಬರುವ ಲಬ್ಧವೇ ಇದು. ಇಂಥ ಕೆಲವು ಲಬ್ಧಗಳನ್ನು ಆಚಾರ್ಯನು ಕೊರಳಿನ ಹಾರಕ್ಕೆ ಹೋಲಿಸಿದ್ದಾನೆ. ಲೆಕ್ಕದ ಗ್ರಂಥದಲ್ಲಿಯೂ ಅಲಂಕಾರಕ್ಕೆ ಎಡೆಗೊಟ್ಟ ಆ ಅಭಿರುಚಿ ನಮ್ಮ ಶಾಲಾಪುಸ್ತಕಗಳಿಗೆ ಏಕೆ ಇಳಿದುಬರಲಿಲ್ಲವೋ ತಿಳಿಯದು.

ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ, ಚಿತ್ರಕವಿಗಳು ಗತಪ್ರತ್ಯಾಗತವೆನ್ನುವ ಈ ಚಮತ್ಕಾರ ಕಣ್ಣಿಗೆ ಒಡನೆಯೇ ದಕ್ಕುತ್ತದೆ. ಆದರೆ ಅಷ್ಟಕ್ಕೇ ತಣಿಯುವವನು ರಸಿಕನಲ್ಲ. ಆತನು ಕಾಗದವೊಂದನ್ನು ತೆಗೆದುಕೊಂಡು 111111ನ್ನು 111111ರಿಂದಲೇ ಗುಣಿಸಬೇಕು. ಆರು ಸಾಲುಗಳಲ್ಲಿಯೂ ಅದೇ ಆರು ಒಂದುಗಳು, ಸಾಲಿನಿಂದ ಸಾಲಿಗೆ ಒಂದೊಂದು ಸ್ಥಾನ ಎಡಕ್ಕೆ ಸರಿದು ನಿಲ್ಲುತ್ತವೆ. ಬಲಗಡೆಯಿಂದ ಕೂಡುತ್ತ ಬಂದಂತೆ ಮೊತ್ತವು ಒಂದು, ಎರಡು, ಮೂರೆಂದು ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುತ್ತದೆ. ಯಾವ ಸ್ಥಾನದಲ್ಲಿಯೂ ಮೊತ್ತ ಹತ್ತನ್ನು ಮುಟ್ಟದ ಕಾರಣ ದಶಕವು ಪಕ್ಕದ ಮನೆಗೆ ದಾಟುವುದಿಲ್ಲ. ಹಾರ ಕೆಡದಿರುವುದರ ಗುಟ್ಟೆಲ್ಲ ಇಷ್ಟೇ. ಒಂಬತ್ತು ಒಂದುಗಳ ವರ್ಗದವರೆಗೂ ಈ ಸೊಬಗು ನಿಲ್ಲುತ್ತದೆ. ಹತ್ತು ಒಂದುಗಳನ್ನಿಟ್ಟು ವರ್ಗ ಮಾಡಿದರೆ ಸಿಗುವುದು 1234567900987654321: ಏರುವ ಸಾಲಿನಲ್ಲಿ ಎಂಟು ಕಾಣೆಯಾಗಿ, ನಡುವೆ ಎರಡು ಸೊನ್ನೆಗಳು ಬಾಯಿತೆರೆದಿರುತ್ತವೆ.

ಇನ್ನು ಆಚಾರ್ಯನ ಗುಣ್ಯ ಗುಣಕಗಳನ್ನು ಒಡೆದು ನೋಡೋಣ. 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ. 21 ಎಂದರೆ ಮೂರೇಳಲಿ, 5291 ಎಂದರೆ 11, 13, 37ರ ಗುಣಲಬ್ಧ. ಹೀಗೆ 3, 7, 11, 13, 37 ಎಂಬ ಐದು ಅವಿಭಾಜ್ಯಗಳು ಎರಡೆರಡು ಸಲ ಕೂಡಿ ಈ ರಾಶಿಯಾಗಿದೆ. ಒಂದೊಂದನ್ನೂ ಬಿಡಬಹುದು, ಒಮ್ಮೆ ಕೊಳ್ಳಬಹುದು, ಇಲ್ಲವೆ ಎರಡು ಸಲ ಕೊಳ್ಳಬಹುದಾದ್ದರಿಂದ ಇದರ ಭಾಜಕಗಳು ಒಟ್ಟು 243. ಈ ಗುಣ ಸಂಖ್ಯೆಯ ಸ್ವಭಾವಕ್ಕೆ ಸೇರಿದ್ದು, ಯಾವ ಪದ್ಧತಿಯಲ್ಲಿ ಬರೆದರೂ ಅಳಿಯದು. ಹಾರವಾದರೋ ಹತ್ತನ್ನು ಆಧಾರವಾಗಿಟ್ಟುಕೊಂಡ ನಮ್ಮ ಬರಹದ ಕೊಡುಗೆ. ಇವೆರಡರ ಭೇದವನ್ನು ಅರಿಯುವುದೇ ಈ ರಸಿಕತೆಯ ಮೊದಲ ಪಾಠವೆಂದು ನನ್ನ ಮತ. ಆದರೂ ಹಾರವನ್ನು ಹಗುರವಾಗಿ ಕಾಣಲಾಗದು: ಇದೇ ಹನ್ನೊಂದು ಅಂಕಿಗಳನ್ನು ಏಳನ್ನಾಗಲಿ ಎಂಟನ್ನಾಗಲಿ ಅದಕ್ಕಿಂತ ಹಿರಿದಾದ ಯಾವುದನ್ನೇ ಆಗಲಿ ಆಧಾರವಾಗಿಟ್ಟು ಓದಿದರೆ, ಸಂಖ್ಯೆ ಬೇರೆಯಾದರೂ ಅದು ಪೂರ್ಣವರ್ಗವಾಗಿಯೇ ಉಳಿಯುತ್ತದೆ.

ಅದೇ ಗ್ರಂಥದಿಂದ ಇನ್ನೊಂದು: 152207ನ್ನು 73ರಿಂದ ಗುಣಿಸಿ. ಯಂತ್ರವನ್ನು ಬದಿಗಿಟ್ಟು, ಕೈಯಾರೆ ಗುಣಿಸಿರಿ.